ಅಕ್ಕ ಹತ್ತದ ದೋಣಿ

ಸಿಂಗಪುರದಲ್ಲಿ ಕಾರಿಲ್ಲದೆ ಬರೀ ದೋಣಿ ಇಟ್ಟುಕೊಂಡಿದ್ದ ಕನ್ನಡಿಗ ನಮ್ಮ ಭಾವ ಒಬ್ಬರೇ ಎಂದು ನಾನು ಯಾರ ಮುಂದೆ ಬೇಕಾದರೂ ಬಾಜಿ ಕಟ್ಟುತ್ತೇನೆ. ದೋಣಿ ಅಂದಕೂಡಲೇ ತೆಪ್ಪವನ್ನೋ ಹರಿಗೋಲನ್ನೋ ನೆನೆಸಿಕೊಂಡು ಪಾಪ ಅಂದುಬಿಡಬೇಡಿ! ಇದು ರೇಸಿಗೆಂದೇ ಹುಟ್ಟಿದ ಸ್ಪೀಡ್ ಬೋಟ್. ಚೂಪು ಮೂತಿ, ಸಪೂರ ಮೈ, ಜೇನಿನ ಬಣ್ಣ, ಮುಂದೆ ಎರಡೇ ಸೀಟು, ಹಿಂದೆ ಲಾರಿ ಎಳೆಯುವಂಥ ಎಂಜಿನ್. ಸುಮ್ಮನೆ ನಿಂತಿದ್ದರೂ ಎಲ್ಲಿಂದಲೋ ಓಡಿ ಬಂದು ಈಗಷ್ಟೇ ನಿಂತ ಹಾಗೆ ಕಾಣುತ್ತಿತ್ತು. ಇಂಥ ಬಿರುಗಾಳಿಯನ್ನು ಓಡಿಸಲು ನಮ್ಮ ಭಾವ ಭಾನುವಾರ ಬೆಳಗ್ಗೆ ಬುತ್ತಿ ಡಬ್ಬಿ ಹಿಡಿದು ನಮ್ಮ ಬಡಾವಣೆ ಬೆಡೋಕಿನ ಬಸ್ ಸ್ಟಾಪಿನಲ್ಲಿ ಕಾಯುತ್ತಾ ನಿಂತಿರುತ್ತಿದ್ದರು.

ಭಾವ ಅಂದರೆ ನಮ್ಮಕ್ಕನ ಗಂಡ. ಬಿಜಾಪುರದ ಕಡೆಯವರು. ನೀರು ಅಂದರೆ ಕೊಡ, ಸಮುದ್ರ ಅಂದರೆ ಭೂಗೋಳದ ಪುಸ್ತಕ ಎಂದು ತಿಳಿದು ಬೆಳೆದವರು. ಜುರಾಂಗ್ ಐಲ್ಯಾಂಡಿನ ಒಂದು ರಿಫೈನರಿಯಲ್ಲಿ ಎಂಜಿನಿಯರು. ನಾನು, ನನ್ನ ಮೈಸೂರಿನ ಯಜಮಾನರು ಅವರ ಎದುರಿನ ಬ್ಲಾಕಿನಲ್ಲೇ ಇದ್ದೆವು. ಅಕ್ಕ ಒಗ್ಗರಣೆಗೆ ಮೆಣಸಿನಕಾಯಿ ಹಾಕಿದರೆ ನಮ್ಮ ಮನೆಯಲ್ಲಿ ಇವರಿಗೆ ಕೆಮ್ಮು ಬರುತ್ತಿತ್ತು.

ಈ ಸಮುದ್ರದ ಹುಚ್ಚು ಭಾವನಿಗೆ ಹಿಡಿದದ್ದು ಕಂಪನಿ ಬಸ್ಸಿನಲ್ಲಿ. ಬೆಳಗಿನ ಬಸ್ಸು ಸಮುದ್ರದ ಮೇಲಿನ ದಾರಿಯಲ್ಲಿ ಐಲ್ಯಾಂಡಿಗೆ ಹೋಗುವಾಗ ಉಳಿದ ಎಂಜಿನಿಯರುಗಳೆಲ್ಲ ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿದ್ದರೆ ಇವರು ಮಾತ್ರ ಕಿಟಕಿಗೆ ಹಣೆ ಹಚ್ಚಿಕೊಂಡು ಕೂತಿರುತ್ತಿದ್ದರಂತೆ. ಹಾಗೇ ನೋಡುತ್ತಾ ನೋಡುತ್ತಾ ಇಳಿಯುವುದನ್ನೇ ಮರೆತು, ಎಷ್ಟೋ ಸಲ ಅದೇ ಬಸ್ಸಿನಲ್ಲಿ ವಾಪಸ್ಸು ಬಂದದ್ದೂ ಉಂಟು! "ದಿನಾ ಸಮುದ್ರದ ಮ್ಯಾಲೆ ಹೋಗತೀನಿ. ಒಂದು ಹನಿ ಮೈಗೆ ಹತ್ತಂಗಿಲ್ಲ ನೋಡವಾ" ಎಂದು ನನ್ನ ಹತ್ತಿರ ಒಮ್ಮೆ ಹೇಳಿಕೊಂಡಿದ್ದರು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಅದು ಎಲ್ಲರ ಕೈಯಲ್ಲೂ ನಾಲ್ಕು ಕಾಸು ಓಡಾಡುತ್ತಿದ್ದ ಕಾಲ. ಊರ ತುಂಬಾ ಕ್ರೇನುಗಳು. ಕನ್ನಡದವರು ನಾಲ್ಕು ಜನ ಸೇರಿದರೆ ಕಾಂಡೋ ಅನ್ನುವ ದುಬಾರಿ ಫ್ಲಾಟು ಬಿಟ್ಟರೆ ಷೇರು, ಷೇರು ಬಿಟ್ಟರೆ ಕಾಂಡೋ. ಭಾವನ ಕಂಪನಿಯೂ ಆ ವರ್ಷ ಭರ್ಜರಿ ಬೋನಸ್ಸು ಕೊಟ್ಟಿತು. ಅಕ್ಕ ಕಾಂಡೋದ ಬಣ್ಣದ ಬಣ್ಣದ ಚೀಟಿಗಳನ್ನು ತಂದು ಊಟದ ಟೇಬಲ್ಲಿನ ಮೇಲೆ ಹರವಿಕೊಂಡು ಕೂತಿದ್ದಳು. ಭಾವ ಸಂಜೆ ಮನೆಗೆ ಬಂದರು, ಕಾಲು ತೊಳೆದರು, ರೊಟ್ಟಿ ಮುರಿದರು, ಮೊಸರು ಹಾಕಿಸಿಕೊಂಡರು. ಆಮೇಲೆ ಹೇಳಿದರು: "ಒಂದು ಬೋಟ್ ತಗೊಂಡೀನಿ."

"ಏನಂದ್ರಿ?"

"ಬೋಟ್. ನಮ್ಮ ಆಫೀಸಿನ ಆಸ್ಟ್ರೇಲಿಯಾದಾಂವ ಊರಿಗೆ ಹೊಂಟಿದ್ದ. ಬಿಟ್ಟು ಹೋಗತೀನಿ ಅಂದ. ತಗೊಂಡೆ. ಇನ್ನೊಂಚೂರು ಮೊಸರು ಹಾಕು."

ಮೊಸರಿನ ಪಾತ್ರೆ ಅಕ್ಕನ ಕೈಯಲ್ಲೇ ಉಳಿಯಿತು. ಐದೇ ನಿಮಿಷಕ್ಕೆ ನನಗೆ ಫೋನು. ನಾನು ಚಪ್ಪಲಿ ಮೆಟ್ಟಿಕೊಂಡು ಓಡಿ ಹೋಗಿ ನೋಡಿದರೆ ಅಪರಾಧಿ ಆರಾಮವಾಗಿ ಬಾಳೆಹಣ್ಣು ಸುಲಿಯುತ್ತಾ ಕೂತಿದ್ದಾರೆ! "ಭಾವಾ, ಕಾರಾದರೂ ತಗೋಬಾರದಿತ್ತಾ?" ಅಂದೆ. "ಕಾರ್ ತಗೊಂಡು ಎಲ್ಲಿಗೆ ಹೋಗೂದವಾ? ಮುಕ್ಕಾಲು ತಾಸಿನ್ಯಾಗ ದೇಶಾನ ಮುಗದು ಹೋಗತದ!" ಎಂದರು. ಅದಕ್ಕೆ ಯಾರು ಏನು ಉತ್ತರ ಕೊಡಬೇಕು ಹೇಳಿ?

ಅಕ್ಕ ಕೊಟ್ಟಳು. "ನನ್ನ ಒಂದು ಮಾತು ಕೇಳಲಿಲ್ಲ, ಕರೀಲಿಲ್ಲ, ತೋರಿಸಲಿಲ್ಲ. ತಂದದ್ದೇನು ದೋಣಿ ಅಲ್ಲ, ಸವತಿ. ಆ ಸವತಿ ಹೊಸ್ತಿಲ ನಾ ತುಳಿಯಂಗಿಲ್ಲ!" ಎಂದು ಕಾಂಡೋದ ಚೀಟಿಗಳನ್ನೆಲ್ಲ ಒಟ್ಟುಗೂಡಿಸಿ ಕಸದ ಬುಟ್ಟಿಗೆ ಹಾಕಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಮ್ಮಕ್ಕನ ಹಟ ನಿಮಗೆ ಗೊತ್ತಿಲ್ಲ. ಅವಳು ಒಮ್ಮೆ ಒಲ್ಲೆ ಅಂದರೆ ಜಪ್ಪಯ್ಯ ಅಂದರೂ ಒಲ್ಲೆ. ಭಾವ ಬಾಳೆಹಣ್ಣಿನ ಸಿಪ್ಪೆ ಹಿಡಿದುಕೊಂಡು ಆ ಮುಚ್ಚಿದ ಬಾಗಿಲನ್ನು ಬಹಳ ಹೊತ್ತು ನೋಡಿದರು. "ಬರತಾಳ ತಗೋ" ಎಂದು ಮೆಲ್ಲಗೆ ಅಂದದ್ದು ನನಗೆ ಕೇಳಿಸಿತು.

ಬೋಟನ್ನು ಇಟ್ಟದ್ದು ಚಾಂಗಿಯ ಕಡೆಯ ಒಂದು ಬೋಟ್ ಯಾರ್ಡಿನಲ್ಲಿ. ಅಲ್ಲಿ ಇದ್ದಬದ್ದ ದೋಣಿಗಳೆಲ್ಲ ದೊಡ್ಡ ದೊಡ್ಡ ಹೆಸರಿನವು. ನಮ್ಮದರ ಹೆಸರು ಮಾತ್ರ ಯಾರೂ ಕೇಳಿದವರಿಲ್ಲ. ಆಸ್ಟ್ರೇಲಿಯಾದ ಯಾವುದೋ ನದಿ ದಂಡೆಯ ಸಣ್ಣ ಊರಿನಲ್ಲಿ ಒಬ್ಬ ಮುದುಕ, ಅವನ ತಮ್ಮ, ಒಂದು ತಗಡಿನ ಶೆಡ್ಡು. ಅದೇ ಕಂಪನಿ! ಕೈಯ ಬೆರಳು ಸಾಕಾಗುವಷ್ಟು ದೋಣಿ ಮಾಡಿದವರಂತೆ. ಯಾರ್ಡನ್ನು ನೋಡಿಕೊಳ್ಳುತ್ತಿದ್ದ ಚೀನೀ ಅಂಕಲ್ ಇದರ ಸುತ್ತ ಪ್ರದಕ್ಷಿಣೆ ಹಾಕಿ, "ವಾಟ್ ಬ್ರ್ಯಾಂಡ್ ಆ? ನೆವರ್ ಹಿಯರ್ ಬಿಫೋರ್ ಲಾ" ಎಂದ. ಭಾವ ಎದೆ ಉಬ್ಬಿಸಿ ನನ್ನ ಕಡೆ ತಿರುಗಿದರು. "ಹೆಸರು ಕೇಳಿಲ್ಲ ಅಂದ್ರ ಹೆಸರು ಕೆಡಿಸಿಕೊಂಡೂ ಇಲ್ಲಂತ ಅರ್ಥ!"

ಹೆಸರಿಲ್ಲದ ದೋಣಿಗೆ ಬಿಡಿಭಾಗವೂ ಸಿಗುವುದಿಲ್ಲ ಎಂಬುದು ನಿಧಾನವಾಗಿ ತಿಳಿಯಿತು. ಏನು ಕೆಟ್ಟರೂ ಆ ಮುದುಕನಿಗೇ ಫೋನು ಮಾಡಬೇಕು. ಶನಿವಾರ ಸಂಜೆ ಭಾವ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಫೋನಿನ ಮುಂದೆ ಕೂರುತ್ತಿದ್ದರು. ಮೊದಲು "ಹ್ಯಾವ್ ಯು ಟೇಕನ್ ಯುವರ್ ಮೀಲ್ಸ್?" ಆಮೇಲೆ ಅವನ ಹೆಂಡತಿಯ ಮಂಡಿನೋವು, ಅವರ ಕಡೆ ಮಳೆ, ಅವರ ನಾಯಿ. ಕಟ್ಟಕಡೆಗೆ ಎಂಜಿನ್ನು. ಬೀಗರು ಬೀಗರು ಮಾತಾಡಿದ ಹಾಗೆ! ಒಳಗಿನಿಂದ ಅಕ್ಕ ಕೇಳುವ ಹಾಗೆ ಅನ್ನುತ್ತಿದ್ದಳು: "ಏನಂತಾರ ಸವತಿ ತವರುಮನಿಯವರು? ಅಧಿಕ ಮಾಸಕ್ಕ ಕರಸತಾರಂತೇನು?" ಭಾವ ಫೋನಿಗೆ ಕೈ ಅಡ್ಡ ಹಿಡಿದು, "ಎಲ್ಲಾರೂ ಆರಾಮ ಇದ್ದಾರಂತ" ಎಂದು ಪ್ರಾಮಾಣಿಕವಾಗಿ ವರದಿ ಒಪ್ಪಿಸುತ್ತಿದ್ದರು.

ಒಮ್ಮೆ ಅದರ ಪ್ರೊಪೆಲ್ಲರ್ ರಿಪೇರಿಗೆ ಹೋಗಿತ್ತು. ಹಿತ್ತಾಳೆಯ ಹಾಗೆ ಹೊಳೆಯುವ, ಕೊಪ್ಪರಿಗೆ ಮುಚ್ಚಳದಷ್ಟು ದೊಡ್ಡ ಪಂಖ. ಅದನ್ನು ಭಾವ ಎಂ.ಆರ್.ಟಿ. ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದರು, ಅದೂ ಆಫೀಸು ಬಿಡುವ ಹೊತ್ತಿನಲ್ಲಿ. ಪಕ್ಕದಲ್ಲಿ ಜಾಗ ಖಾಲಿ ಇದ್ದರೂ ಯಾರೂ ಕೂರಲಿಲ್ಲವಂತೆ! ಸ್ಟೇಷನ್ನಿನಲ್ಲಿ ಒಬ್ಬ ಸಿಬ್ಬಂದಿ ತಡೆದಾಗ ಇವರು ಗೋಡೆಯ ಮೇಲಿನ ಬೋರ್ಡು ತೋರಿಸಿ, "ನಾರುವ ಡುರಿಯನ್ ಹಣ್ಣು ತರಬಾರದು ಅಂತ ಬರೆದಿದೆ. ಇದು ಡುರಿಯನ್ ಅಲ್ಲ" ಎಂದು ವಾದಿಸಿ ಗೆದ್ದು ಬಂದರು.

ಇನ್ನು ಈಜಿನ ವಿಷಯ. ಬೋಟ್ ಓಡಿಸುವವರಿಗೆ ಈಜು ಬರಬೇಡವೇ? ಬರುತ್ತಿತ್ತು. ಆದರೆ ಅವರು ಕಲಿತದ್ದು ಊರ ಹೊಲದ ಬಾವಿಯಲ್ಲಿ. ಹಾಗಾಗಿ ನೀರಿಗೆ ಬಿದ್ದರೆ ದುಂಡಗೆ ಈಜುತ್ತಿದ್ದರು! ಬೆಡೋಕಿನ ಈಜುಕೊಳದಲ್ಲಿ ಎಲ್ಲರೂ ಈ ಕಡೆಯಿಂದ ಆ ಕಡೆಗೆ ನೆಟ್ಟಗೆ ಈಜುತ್ತಿದ್ದರೆ ಇವರು ಮಧ್ಯದಲ್ಲಿ ಗಾಣದ ಎತ್ತಿನಂತೆ ಸುತ್ತುತ್ತಿದ್ದರು. ಇದನ್ನು ನೋಡಿ ಬಂದ ನನ್ನ ಯಜಮಾನರು ಎರಡು ದಿನ ಹೊಟ್ಟೆ ಹಿಡಿದುಕೊಂಡು ನಕ್ಕರು. ಷಡ್ಡಕನ ಮೇಲೆ ಅವರಿಗೆ ಅಷ್ಟು ಪ್ರೀತಿ.

ಆ ವರ್ಷದ ನವರಾತ್ರಿಯಲ್ಲಿ ನಡೆದ ಕಥೆಯನ್ನಂತೂ ಹೇಳದೆ ಬಿಡುವ ಹಾಗಿಲ್ಲ. ಆಯುಧಪೂಜೆಗೆ, ನಮ್ಮ ಕಡೆಯ ಖಂಡೇಪೂಜೆಗೆ, ದೋಣಿಗೂ ಪೂಜೆ ಆಗಬೇಕು ಎಂದು ಭಾವ ಲಿಟಲ್ ಇಂಡಿಯಾಕ್ಕೆ ಹೋಗಿ ಹೂವು, ಕುಂಬಳಕಾಯಿ, ನಿಂಬೆಹಣ್ಣು, ತೆಂಗಿನಕಾಯಿ ಎಲ್ಲ ತಂದರು. ಯಾರ್ಡಿಗೆ ಹೋದ ಮೇಲೆ ಮೊದಲ ವಿಘ್ನ: ನಿಂಬೆಹಣ್ಣು ಇಡಲು ಚಕ್ರ ಎಲ್ಲಿದೆ? ನನ್ನ ಯಜಮಾನರು "ಅಣ್ಣಾ, ಟ್ರೇಲರ್‌ಗೆ ಚಕ್ರ ಇದೆಯಲ್ಲ, ಅದಕ್ಕೇ ಅಡ್ಜಸ್ಟ್ ಮಾಡಿ" ಎಂದರು. ಸರಿ, ದೋಣಿಯನ್ನು ಹೊತ್ತಿದ್ದ ಟ್ರೇಲರಿನ ಚಕ್ರದಡಿ ನಿಂಬೆಹಣ್ಣು ಇಟ್ಟದ್ದಾಯಿತು. ಆಮೇಲೆ ಕಾಯಿ. ನೆಲಕ್ಕೆ ಒಡೆದಿದ್ದರೆ ಈ ಪ್ರಬಂಧ ಬರೆಯುವ ಪ್ರಮೇಯ ಇರಲಿಲ್ಲ. ಭಾವ ಕಣ್ಣು ಮುಚ್ಚಿ, ದೇವರನ್ನು ನೆನೆದು, ದೋಣಿಯ ಮೂತಿಗೇ ಬಾರಿಸಿದರು!

ಫಟ್ ಎಂದಿತು. ಕಣ್ಣು ಬಿಟ್ಟು ನೋಡಿದರೆ ಒಡೆದದ್ದು ದೋಣಿ. ಕಾಯಿ ಇಡಿಯಾಗಿ ಕೈಯಲ್ಲೇ ಇದೆ! ಚೀನೀ ಅಂಕಲ್ ಒಂದು ಹಗ್ಗದ ಸುರುಳಿಯ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಶನಿವಾರ ಆಸ್ಟ್ರೇಲಿಯಾದ ಮುದುಕನಿಗೆ ವಿಷಯ ತಿಳಿಸಿದಾಗ ಅವನು ಮೊದಲು ಕೇಳಿದ್ದೇ ಬಣ್ಣದ ಬಗ್ಗೆ. ಆ ಜೇನಿನ ಬಣ್ಣವನ್ನು ಅವನು ಕಣ್ಣಂದಾಜಿನಲ್ಲಿ ಕಲಸಿದ್ದಂತೆ, ಮತ್ತೆ ಅದೇ ಬಣ್ಣ ಬರುವುದಿಲ್ಲವಂತೆ. ಕೊನೆಗೆ ಒಡೆದ ಜಾಗಕ್ಕೆ ತೇಪೆ ಹಾಕಿಸಿ, ಮುಚ್ಚಿಕೊಳ್ಳಲು ಕೆಂಪು ಬಣ್ಣದ ದುಂಡನೆಯ ಬೊಟ್ಟು ಬಳಿಸಿದರು. ನಾನು ತೆಗೆದು ತಂದ ಫೋಟೋ ನೋಡಿದ ಅಕ್ಕ, "ಹೂಂ, ಕುಂಕುಮಾನೂ ಇಟ್ಟರೇನು!" ಎಂದು ಮುಖ ತಿರುವಿದಳು. ಆದರೆ ಫೋಟೋ ವಾಪಸ್ಸು ಕೊಡಲಿಲ್ಲ.

ಈಗ ನಿಮಗೊಂದು ಗುಟ್ಟು ಹೇಳಬೇಕು. ಇಷ್ಟೆಲ್ಲ ಆರ್ಭಟದ ಆ ರೇಸಿನ ದೋಣಿಯನ್ನು ನಮ್ಮ ಭಾವ ಓಡಿಸುತ್ತಿದ್ದದ್ದು ಎತ್ತಿನ ಗಾಡಿಯ ವೇಗದಲ್ಲಿ! ಪುಲಾವ್ ಉಬಿನ್ ದ್ವೀಪಕ್ಕೆ ಜನರನ್ನು ಸಾಗಿಸುವ ಹಳೇ ಮರದ ದೋಣಿಗಳು ಡುಗುಡುಗು ಎನ್ನುತ್ತಾ ನಮ್ಮನ್ನು ದಾಟಿ ಹೋಗುತ್ತಿದ್ದವು. ಅವುಗಳಲ್ಲಿದ್ದ ಅಜ್ಜಿಯಂದಿರು ನಮಗೆ ಕೈ ಬೀಸುತ್ತಿದ್ದರು. ಒಮ್ಮೆ ಗಸ್ತಿನ ಪೊಲೀಸ್ ಬೋಟೇ ಹತ್ತಿರ ಬಂತು. ಇಂಥ ದೋಣಿಗಳು ಜೋರಾಗಿ ಓಡಿದರೆ ಅವರು ಹಿಡಿಯುವುದು ವಾಡಿಕೆ. ನಮ್ಮನ್ನು ಹಿಡಿದದ್ದು ಇಷ್ಟು ನಿಧಾನವಾಗಿ ಯಾಕೆ ಹೋಗುತ್ತಿದ್ದೀರಿ ಎಂದು! "ಸರ್, ಎಂಜಿನ್ ಸ್ಪಾಯಿಲ್ಡ್ ಆ?" ಎಂದು ಕೇಳಿದ ಆಫೀಸರನಿಗೆ ಭಾವ ವಿನಯದಿಂದ "ನೋ ಸರ್, ವೇಟಿಂಗ್ ಫಾರ್ ಮೈ ವೈಫ್" ಎಂದರು. ಆಫೀಸರ ಸುತ್ತಲಿನ ನೀರನ್ನೆಲ್ಲ ಒಮ್ಮೆ ನೋಡಿ ಹೊರಟು ಹೋದ.

ನಾನೂ ಅವತ್ತೇ ಕೇಳಿದೆ. ಏಕೆಂದರೆ ಇನ್ನೊಂದು ವಿಚಿತ್ರ ನನ್ನನ್ನು ಬಹಳ ದಿನದಿಂದ ಕಾಡುತ್ತಿತ್ತು. ಮುಂದಿನ ಎರಡು ಸೀಟಿನಲ್ಲಿ ಒಂದು ಭಾವನದು. ಪಕ್ಕದ್ದರ ಮೇಲೆ ಯಾವಾಗಲೂ ಒಂದು ಟವೆಲ್ಲು ಹಾಸಿರುತ್ತಿತ್ತು. ಯಾರನ್ನೂ ಕೂರಲು ಬಿಡುತ್ತಿರಲಿಲ್ಲ. ನಾನೂ ನನ್ನ ಯಜಮಾನರೂ ಹಿಂದೆ ಎಂಜಿನ್ನಿನ ಮುಚ್ಚಳದ ಮೇಲೆ, ಬಿಸಿ ತಗಡಿನ ಮೇಲೆ ಕೂತ ಬೆಕ್ಕುಗಳ ಹಾಗೆ!

"ಅದು ನಿಮ್ಮಕ್ಕಂದವಾ" ಎಂದರು ಭಾವ. "ನಮ್ಮಲ್ಲಿ ಹೊಸ ಗಾಡಿ ಬಂದ್ರ ಮೊದಲ ಮನೀ ಹೆಣ್ಣುಮಗಳು ಕೂಡಬೇಕು. ಅಕಿ ಕೂಡೂತನಾ ಇದು ಗಾಡಿ ಅಲ್ಲ, ಬರೇ ಸಾಮಾನು. ಸಾಮಾನು ಜೋರು ಓಡಸಬಾರದು."

"ಅಕ್ಕ ಬರಲೇ ಇಲ್ಲ ಅಂದ್ರೆ?"

"ಬರತಾಳ ತಗೋ."

ಅಷ್ಟು ಹೇಳಿ ಎಂಜಿನ್ ಆರಿಸಿಬಿಟ್ಟರು. ಹೀಗೆ ನಡುನೀರಿನಲ್ಲಿ ಎಂಜಿನ್ ಆರಿಸಿ ಸುಮ್ಮನೆ ತೇಲುವುದು ಅವರಿಗೆ ಇಷ್ಟ. ಆ ಭಾನುವಾರಗಳನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈ ಹಗುರವಾಗುತ್ತದೆ. ಬೆಚ್ಚಗಿನ ನೀರು ದೋಣಿಯ ಮೈಗೆ ತಟ್ಟುವ ಸಣ್ಣ ಸದ್ದು. ಮಬ್ಬಿನೊಳಗೆ ಅರ್ಧ ಮುಳುಗಿದ ದೊಡ್ಡ ಹಡಗುಗಳು, ಅವು ನಿಂತಿವೆಯೋ ಹೊರಟಿವೆಯೋ ತಿಳಿಯುತ್ತಿರಲಿಲ್ಲ. ತಲೆಯ ಮೇಲೆ ಚಾಂಗಿಗೆ ಇಳಿಯುವ ವಿಮಾನಗಳು ಹೊಟ್ಟೆ ತೋರಿಸಿಕೊಂಡು ತಣ್ಣಗೆ ಹೋಗುತ್ತಿದ್ದವು. ಉಬಿನ್ ಕಡೆಯಿಂದ ಕೆಸರಿನ, ಎಲೆಯ ವಾಸನೆ ಬರುತ್ತಿತ್ತು. ಭಾವ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಹಂಚುತ್ತಿದ್ದರು. ತಿಂದು, ಟೊಪ್ಪಿಗೆ ಮುಖಕ್ಕೆ ಎಳೆದುಕೊಂಡು, ಪ್ರವಾಹ ಎಲ್ಲಿಗೆ ಒಯ್ಯುತ್ತದೋ ಅಲ್ಲಿಗೆ. ಮಾತಾಡಬೇಕು ಅಂತಲೇ ಅನ್ನಿಸುತ್ತಿರಲಿಲ್ಲ. ಅರ್ಧ ನಿದ್ದೆ, ಅರ್ಧ ಎಚ್ಚರ. ಇಂಥ ಸುಖವನ್ನು ಬಿಟ್ಟು ಅಕ್ಕ ಮನೆಯಲ್ಲಿ ಕೂತು ಸಿಟ್ಟು ಬೇಯಿಸುತ್ತಿದ್ದಾಳಲ್ಲ ಎಂದು ನನಗೆ ಸಂಕಟವಾಗುತ್ತಿತ್ತು.

ಹೀಗೇ ನಡೆಯುತ್ತಿರಬೇಕಾದರೆ ಕಂಪನಿ ಭಾವನನ್ನು ಕೊಲ್ಲಿಯ ಕಡೆಗೆ ವರ್ಗ ಮಾಡಿತು. ಮರಳಿನ ನಡುವೆ ಹೊಸ ಪ್ಲಾಂಟು. ಬೇಗ ಹೊರಡಬೇಕು. ದೋಣಿ ಮಾರಬೇಕು. ಯಾರೋ ಒಬ್ಬ ಬಂದು ಬೊಟ್ಟು ಸಮೇತ ಒಪ್ಪಿ ಹೋದ, ಸೋಮವಾರ ಒಯ್ಯುತ್ತೇನೆಂದ. ಅಂದರೆ ಉಳಿದದ್ದು ಒಂದೇ ಭಾನುವಾರ! ಭಾವ ಎಂದಿನಂತೆ ನಗುತ್ತಲೇ ಇದ್ದರು. ಆದರೆ ಆ ಶನಿವಾರ ಬೆಳಗ್ಗೆ ಅವರು ಯಾರ್ಡಿಗೆ ಹೋಗಿ ಆ ಖಾಲಿ ಸೀಟನ್ನು ಒರೆಸುತ್ತಾ ಕೂತಿದ್ದರು ಎಂದು ನನ್ನ ಯಜಮಾನರು ಬಂದು ಹೇಳಿದಾಗ ನನಗೆ ತಡೆಯಲಾಗಲಿಲ್ಲ. ಸೀದಾ ಅಕ್ಕನ ಅಡುಗೆಮನೆಗೆ ನುಗ್ಗಿದೆ.

"ಅಕ್ಕಾ, ಸಾಕು ಮಾಡು ನಿನ್ನ ಹಟಾ. ನಾಳೆ ಒಂದು ದಿನ ಹೋಗಿ ಕೂತರ ನಿನ್ನ ಗಂಟೇನು ಹೋಗತದ?"

ಅಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಕರದಾರೇನು ನನ್ನ? ತಂದೀನಿ ಅಂದರು. ಬಾ ಅಂತ ಬಾಯಿ ಬಿಟ್ಟು ಒಮ್ಮೆ ಅಂದಾರೇನು? ಕರೀಲಾರದ ಮನಿಗೆ ನಾ ಹೆಂಗ ಹೋಗಲಿ?" ಬಡಿದಿದ್ದ ರೊಟ್ಟಿಯನ್ನು ಮತ್ತೆ ಮುದ್ದೆ ಮಾಡಿಬಿಟ್ಟಳು. ಆಗ ನನಗೆ ಗೊತ್ತಾಯಿತು. ಇಷ್ಟು ದಿನವೂ ಇವಳು ಹಟ ಮಾಡುತ್ತಿರಲಿಲ್ಲ, ಕಾಯುತ್ತಿದ್ದಳು!

ಭಾವನಿಗೆ ಹೋಗಿ ಹೇಳಿದರೆ ಅವರು ಕಣ್ಣು ಕಣ್ಣು ಬಿಟ್ಟರು. "ಮನಿಯಾಕಿಗೆ ಯಾರಾದ್ರೂ ಆಮಂತ್ರಣ ಕೊಡತಾರೇನವಾ? ದೋಣಿ ಅಕಿದ ಅಲ್ಲೇನು? ಯಜಮಾನ್ತಿಗೆ ನಾ ಹೆಂಗ ಬಾ ಅನ್ನಲಿ?" ನೋಡಿದಿರಾ! ಒಬ್ಬರು ಕರೆಯಲಿ ಅಂತ ಕೂತಿದ್ದರು, ಇನ್ನೊಬ್ಬರು ಕರೆಯುವುದೇ ಅಪಮಾನ ಅಂತ ಕೂತಿದ್ದರು. ಇಂಥ ಜಾಣರನ್ನು ಹುಡುಕಿ ಗಂಟು ಹಾಕಿದ ನಮ್ಮ ಹಿರಿಯರಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಅವತ್ತು ಸಂಜೆ ಅಕ್ಕನ ಮನೆಯ ಬೆಲ್ಲು ಸದ್ದು ಮಾಡಿತು. ಬಾಗಿಲು ತೆಗೆದರೆ ಭಾವ! ತಮ್ಮ ಮನೆಯ ಬಾಗಿಲಲ್ಲೇ, ಮಡಿ ಧೋತರ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಕೈಯಲ್ಲಿ ಕುಂಕುಮದ ಭರಣಿ ಹಿಡಿದು ನಿಂತಿದ್ದಾರೆ. ಆಮಂತ್ರಣಕ್ಕೆ ಒಬ್ಬರೇ ಹೋಗಬಾರದಂತೆ, ಹಾಗಾಗಿ ಅಕ್ಷತೆಯ ತಟ್ಟೆ ಹಿಡಿಸಿ ನನ್ನ ಯಜಮಾನರನ್ನೂ ಎಳೆದು ತಂದಿದ್ದರು. ಪಕ್ಕದ ಮನೆಯ ಆಂಟಿ ಕಂಬಿಬಾಗಿಲಿನ ಹಿಂದಿನಿಂದ "ಅಂಕಲ್, ಫರ್ಗೆಟ್ ಕೀ ಆ?" ಎಂದು ಕನಿಕರದಿಂದ ಕೇಳಿದಳು. ಭಾವ ಕ್ಯಾರೇ ಅನ್ನಲಿಲ್ಲ. ಗಂಟಲು ಸರಿ ಮಾಡಿಕೊಂಡು ಅಕ್ಕನಿಗೆ ಹೇಳಿದರು:

"ನಾಳಿ ಮುಂಜಾನೆ ನಮ್ಮ ದೋಣಿಗೆ ಬರಬೇಕ್ರಿ. ತಪ್ಪಸಬಾರದು."

ಅಕ್ಕ ಹಿಟ್ಟಿನ ಕೈ ಸೆರಗಿಗೆ ಒರೆಸುತ್ತಾ, "ಯಾವ ಊರಿನವರ್ರಿ ನೀವು?" ಎಂದಳು. ನಗಲೋ ಅಳಲೋ ಎಂದು ಅವಳ ತುಟಿಗೇ ಗೊತ್ತಿರಲಿಲ್ಲ.

"ಇಲ್ಲೇ, ಬೆಡೋಕಿನವರ್ರಿ."

ಅಕ್ಕ ಹಣೆ ಮುಂದೆ ಮಾಡಿದಳು.

ಮರುದಿನ ಅಕ್ಕ ಇಳಕಲ್ ಸೀರೆ ಉಟ್ಟು, ಅದರ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹಾಕಿಕೊಂಡು, ಬಲಗಾಲು ಮುಂದಿಟ್ಟು ದೋಣಿ ಹತ್ತಿದಳು. ಭಾವ ಟವೆಲ್ಲು ತೆಗೆದರು. ಅಕ್ಕ ಕೂತಳು.

ನಮ್ಮಕ್ಕ ಗಿಡ್ಡ. ಬಸ್ಸಿನಲ್ಲಿ, ಸೋಫಾದಲ್ಲಿ, ಎಲ್ಲಿ ಕೂತರೂ ಅವಳ ಕಾಲುಗಳು ನೆಲಕ್ಕೆ ಎಟುಕುವುದಿಲ್ಲ, ತೂಗಾಡುತ್ತಿರುತ್ತವೆ. ಸ್ವಲ್ಪ ಹೊತ್ತಿಗೇ ಜೋಮು ಹಿಡಿದು, ಯಾರಿಗೂ ಕಾಣದ ಹಾಗೆ ಒಂದೊಂದೇ ಕಾಲು ಮಡಚಿಕೊಳ್ಳುತ್ತಾಳೆ. ಇವತ್ತು ಕೂತವಳು ತಟ್ಟನೆ ಬಗ್ಗಿ ಸೀರೆಯ ನಿರಿಗೆ ಸರಿಸಿ ಕೆಳಗೆ ನೋಡಿದಳು. ನಾನೂ ಹಿಂದಿನಿಂದ ಇಣುಕಿದೆ. ಅವಳ ಎರಡೂ ಪಾದಗಳು ನೀಟಾಗಿ ಒಂದು ಮರದ ಹಲಗೆಯ ಮೇಲೆ ಊರಿಕೊಂಡಿದ್ದವು. ಅಳತೆ ತೆಗೆದು ಮಾಡಿ, ಮೂಲೆಗಳನ್ನು ನುಣ್ಣಗೆ ಉಜ್ಜಿ, ಗಟ್ಟಿಯಾಗಿ ಕೂರಿಸಿದ ಹಲಗೆ. ಆ ದೋಣಿಯಲ್ಲಿ ಬೇರೆ ಯಾವ ಕಾಲಿಗೂ ಅದು ಹೊಂದುವಂಥದ್ದಲ್ಲ.

"ಇದು ಯಾವಾಗ ಮಾಡಿಸಿದ್ರಿ?"

"ದೋಣಿ ತಂದ ವಾರನ" ಎಂದರು ಭಾವ, ಹಗ್ಗ ಬಿಚ್ಚುತ್ತಾ. "ನಿನ್ನ ಮೊಣಕಾಲಿಂದ ಕೆಳಗ ಎಷ್ಟು ಅಂತ ಆಸ್ಟ್ರೇಲಿಯಾದ ಮುದುಕಗ ಹೇಳಿದ್ದೆ. ಅವನ ಮಾಡಿ ಕಳಿಸಿದ."

ಅಕ್ಕ ಹಲಗೆಯ ನುಣ್ಣನೆಯ ಮೂಲೆಯನ್ನು ಪಾದದಿಂದ ಸವರಿ ನೋಡಿದಳು. ದೋಣಿ ಯಾರ್ಡು ಬಿಟ್ಟು, ಹಡಗುಗಳನ್ನು ಬಿಟ್ಟು, ಬಯಲು ನೀರಿಗೆ ಬಂತು. ನಾನು ಎಂಜಿನ್ನಿನ ಮುಚ್ಚಳದ ಮೇಲೆ ಕೂತು ನಾಚಿಕೆಯಿಲ್ಲದೆ ಅಳುತ್ತಿದ್ದೆ, ನನ್ನ ಯಜಮಾನರು ಕರವಸ್ತ್ರ ಕೊಡುವುದನ್ನು ಬಿಟ್ಟು ತಾವೇ ಒರೆಸಿಕೊಳ್ಳುತ್ತಿದ್ದರು. ಆಗ ಅಕ್ಕ ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆ ಹಲಗೆಗೆ ಪಾದ ಒತ್ತಿ, ನೆಟ್ಟಗೆ ಕೂತು, ಗಂಡನ ಕಡೆ ನೋಡದೆ ಎದುರಿನ ನೀರನ್ನೇ ನೋಡುತ್ತಾ ಹೇಳಿದಳು:

"ಹೂಂ. ಬಿಡ್ರಿ ಇನ್ನ. ಎಷ್ಟು ಜೋರು ಹೋಗತದ ನೋಡೂಣು."